ಹೊಸಿಲಿಲ್ಲದ ಮನೆ

9 ಮಾರ್ಚ್ 1987, ಸೋಮವಾರ

ನಲ್ಲಿ ನೀರು ಬೇಗ ಬಂತು, ಬೇಗ ನಿಂತಿತು. ಬಾಣಂತಿ ಸ್ನಾನಕ್ಕೆಂದು ಅಮ್ಮಣ್ಣಿ ಅತ್ತೆ ದೊಡ್ಡ ಪಾತ್ರೆಗಳನ್ನೆಲ್ಲ ತುಂಬಿ ಎತ್ತಿಟ್ಟುಕೊಂಡರು. ನನಗೆ ಒಂದು ಬಕೆಟ್. ಸಾಕು. ವಡಾಲಾದಲ್ಲಿ ಲೋಕಲ್ ತಪ್ಪಿತು. ಆಫೀಸಿನಲ್ಲಿ ಸಹಿ ಹಾಕುವ ಮಸ್ಟರ್ ಸಾಹೇಬರ ರೂಮಿನೊಳಗೆ ಹೋಗಿಬಿಟ್ಟಿತ್ತು. ಹೆಡ್‌ಕ್ಲರ್ಕ್ ನೋಡಿಯೂ ನೋಡದ ಹಾಗೆ ಇದ್ದ. ತಂಗಿಯ ಬಾಣಂತನ ಎಂದು ಎಲ್ಲರಿಗೂ ಗೊತ್ತು.

ಬೊರಿವಲಿಯಲ್ಲಿ ಗಂಡ ಕಿಟ್ಟುವಿನ ಅಣ್ಣ, ಅತ್ತಿಗೆ, ಮಕ್ಕಳ ಮಧ್ಯೆ ವಿನೋದಿನಿಗೆ ಕಾಲು ಚಾಚುವುದಕ್ಕೂ ಜಾಗವಿಲ್ಲ. ಅದಕ್ಕೇ ಆಂಟಾಪ್ ಹಿಲ್ಲಿನ ನನ್ನ ಕ್ವಾರ್ಟರ್ಸಿಗೆ ಕರೆತಂದೆ. ಅಮ್ಮ ಇದ್ದಿದ್ದರೆ ಅಮ್ಮನೇ ಮಾಡುತ್ತಿದ್ದಳು. ವಿನೋದಿನಿಯನ್ನು ಹೆತ್ತ ವಾರದೊಳಗೆ ಹೋದಳು. ಆಗ ನಾನು ಎರಡನೇ ಕ್ಲಾಸು. ಈಗ ಇರುವವರು ಅಪ್ಪನ ತಂಗಿ ಈ ಅತ್ತೆ ಒಬ್ಬರೇ. ಹುಣಸೂರಿನಾಚೆಯ ಊರಿಂದ ಬಂದಿದ್ದಾರೆ.

ಬರುವಾಗ ತಂದದ್ದು ಒಂದು ಟ್ರಂಕು. ದಾದರಿನಲ್ಲಿ ಕೂಲಿ ತಲೆಗೆ ಏರಿಸಿಕೊಳ್ಳುತ್ತಲೇ ಕೇಳಿದ, ಅಂದರ್ ಪತ್ಥರ್ ಹೈ ಕ್ಯಾ ಎಂದು. ಕಲ್ಲಲ್ಲ, ಕಬ್ಬಿಣ. ಹಳೆಯ ಮನೆಯ ಅಡಕತ್ತರಿ, ಕುಡುಗೋಲು, ದೋಸೆ ಕಾವಲಿ, ಒಗ್ಗರಣೆ ಸೌಟು. ಅಡಕತ್ತರಿ ವಿನೋದಿನಿಯ ತಲೆದಿಂಬಿನ ಕೆಳಗೆ ಹೋಯಿತು. ಕುಡುಗೋಲು ತೊಟ್ಟಿಲ ಹಾಸಿಗೆಯ ಕೆಳಗೆ. ಇನ್ನು ಹೊಸಿಲಿಗೆ ಒಂದು ಮೊಳೆ ಹೊಡೆಯಬೇಕು ಎಂದು ಬಾಗಿಲಿಗೆ ಹೋದರು. ಅಲ್ಲಿ ಹೊಸಿಲೇ ಇಲ್ಲ. ಒಳಗಿನ ಮೊಸಾಯಿಕ್ಕೇ ಹೊರಗಿನ ಪ್ಯಾಸೇಜಿಗೂ ಹರಿದುಹೋಗಿದೆ. ಸರ್ಕಾರಿ ಬಿಲ್ಡಿಂಗು.

"ಹೊಸಿಲೇ ಇಲ್ವಲ್ಲೇ ಪಂಕಜಾ. ಒಳಗು ಯಾವುದು ಹೊರಗು ಯಾವುದು ಅಂತ ಹೇಗೆ ಗೊತ್ತಾಗಬೇಕು?"

ಯಾರಿಗೆ ಎಂದು ನಾನು ಕೇಳಲಿಲ್ಲ. ಮೊಳೆಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಅಲ್ಲೇ ನಿಂತಿದ್ದರು.

15 ಮಾರ್ಚ್, ಭಾನುವಾರ

ಕಿಟ್ಟು ಬಂದಿದ್ದ. ಮಗುವನ್ನು ಎತ್ತಿಕೊಳ್ಳಲು ಹೋಗಿ ಕುಡುಗೋಲಿಗೆ ಕೈ ತಗುಲಿಸಿಕೊಂಡ. ರಕ್ತ ಬರಲಿಲ್ಲ, ಮಾತು ಬಂತು. ತುಕ್ಕು, ಟೆಟನಸ್, ಇಪ್ಪತ್ತನೇ ಶತಮಾನ. ಔಷಧಿ ಕಂಪನಿಯಲ್ಲಿ ಕೆಲಸ ಮಾಡುವವನು, ಹೇಳದೆ ಬಿಡುತ್ತಾನೆಯೇ. ಕಬ್ಬಿಣವೇ ಬೇಕಿದ್ದರೆ ಹೊಸ ಸ್ಟೀಲಿನ ಚಾಕು ತಂದುಕೊಡುತ್ತೇನೆ, ಇಡಿ ಎಂದ.

ಅತ್ತೆ ಅವನ ಕಡೆ ತಿರುಗದೆ ನನಗೆ ಹೇಳಿದರು. "ಸ್ಟೀಲು ಯಾವ ಲೆಕ್ಕ? ತುಕ್ಕು ಹಿಡಿದ್ರೇ ಕಬ್ಬಿಣ. ಅದಕ್ಕೆ ಮಾತ್ರ ಅವು ಹೆದರೋದು."

ಕಡೆಗೆ ನಾನೇ ಕುಡುಗೋಲಿಗೆ ಹಳೇ ಪಂಚೆ ಸುತ್ತಿ ದಾರ ಕಟ್ಟಿ ಇಟ್ಟೆ. ಇಬ್ಬರಿಗೂ ಸಮಾಧಾನವಿಲ್ಲ. ನನಗೆ ಇದರಲ್ಲಿ ನಂಬಿಕೆಯಿಲ್ಲ. ಆದರೆ ಆ ವಯಸ್ಸಿನವರ ಜೊತೆ ವಾದ ಮಾಡುವುದು ನನ್ನಿಂದಾಗದು.

ವಿನೋದಿನಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಹೆರಿಗೆಯಾದಾಗಿನಿಂದ ಹೀಗೇ. ಮಗುವಿಗೆ ಹಾಲು ಕೊಡುತ್ತಾಳೆ, ಬಟ್ಟೆ ಬದಲಿಸುತ್ತಾಳೆ. ನಗುವುದಿಲ್ಲ.

24 ಮಾರ್ಚ್

ಅತ್ತೆ ಊರಿಗೆ ಹೊರಟರು. ಸೊಸೆ ಬಾವಿಕಟ್ಟೆಯ ಹತ್ತಿರ ಬಿದ್ದು ಸೊಂಟ ಹಿಡಿದಿದೆಯಂತೆ, ಟೆಲಿಗ್ರಾಂ ಬಂತು. ಹೋಗುವಾಗ ನನ್ನೊಬ್ಬಳನ್ನೇ ಅಡುಗೆಮನೆಗೆ ಕರೆದು, ಮೂರು ತಿಂಗಳು ತುಂಬುವವರೆಗೆ ಕಬ್ಬಿಣ ಒಂದನ್ನೂ ಕದಲಿಸಬೇಡ ಎಂದರು. ಮಗುವಿನದಷ್ಟೇ ಅಲ್ಲ, ತಾಯಿಯದೂ. ಹೂಂ ಅಂದೆ. ರೈಲಿಗೆ ಹೊತ್ತಾಗುತ್ತಿತ್ತು, ಅರ್ಧ ಕಿವಿಯಲ್ಲಿ ಕೇಳಿದೆ.

ನಾಳೆಯಿಂದ ಹಗಲೆಲ್ಲ ವಿನೋದಿನಿ ಒಬ್ಬಳೇ. ಎದುರುಮನೆಯ ಮರಾಠಿ ಹೆಂಗಸು, ನಾವು ಮಾವಶಿ ಎನ್ನುವವರು, ನಡುನಡುವೆ ಬಂದು ನೋಡುತ್ತೇನೆ ಎಂದಿದ್ದಾರೆ.

31 ಮಾರ್ಚ್

ಇಯರ್ ಎಂಡಿಂಗ್. ಮನೆಗೆ ಬಂದದ್ದು ತಡ. ಸಾರಿಗೆ ಒಗ್ಗರಣೆ ಹಾಕೋಣವೆಂದರೆ ಕಬ್ಬಿಣದ ಸೌಟು ಇಲ್ಲ. ಅದರ ಮೊಳೆಗೆ ಫಳಫಳ ಹೊಳೆಯುವ ಹೊಸ ಸ್ಟೀಲಿನ ಸೌಟು ನೇತುಹಾಕಿದೆ.

ಮಧ್ಯಾಹ್ನ ಭಾಂಡೀವಾಲಿ ಬಂದಿದ್ದಳಂತೆ. ಹಳೇ ಬಟ್ಟೆ ತೆಗೆದುಕೊಂಡು ಪಾತ್ರೆ ಕೊಡುವವಳು. ಇವಳು ಮಾತ್ರ ಬಟ್ಟೆ ಬೇಡ, ಹಳೇ ಕಬ್ಬಿಣ ಇದ್ದರೆ ಕೊಡು ಎಂದಳಂತೆ. ಅತ್ತೆಗೆ ಏನು ಹೇಳಲಿ ಎಂದು ರೇಗಿದೆ. ವಿನೋದಿನಿ ನಕ್ಕುಬಿಟ್ಟಳು. ಹೆರಿಗೆಯಾದ ಮೇಲೆ ಮೊದಲ ಸಲ. ನನ್ನ ಸಿಟ್ಟು ಅಲ್ಲೇ ಇಳಿಯಿತು. ಹೋಗಲಿ, ಒಂದು ಸೌಟು ತಾನೇ.

6 ಏಪ್ರಿಲ್

ಕಾವಲಿಯೂ ಹೋಯಿತು. ಬದಲಿಗೆ ಮುಚ್ಚಳವಿರುವ ಡಬ್ಬ.

ಆದರೆ ವಿನೋದಿನಿ ಗೆಲುವಾಗಿದ್ದಾಳೆ, ಮಾತಾಡುತ್ತಾಳೆ. ಮಾತೆಲ್ಲ ಆ ಹೆಂಗಸಿನದೇ. ಅವಳು ಆಡುವುದು ನಮ್ಮ ಕಡೆಯ ಕನ್ನಡವಂತೆ. ಅದೂ ನಮ್ಮ ಮನೆಯವರು ಆಡುವ ಹಾಗೆ.

"'ಉಂಡ್ಯಾ ಮಗು?' ಅಂತ ಕೇಳ್ತಾಳಕ್ಕ. ಬಾಂಬೆಗೆ ಬಂದಮೇಲೆ ನನ್ನ ಯಾರೂ ಹಾಗೆ ಕೇಳಿಲ್ಲ."

ಒಳಗೆ ಬರುವುದಿಲ್ಲವಂತೆ. ಪ್ಯಾಸೇಜಿನಲ್ಲಿ ಪಾತ್ರೆ ಹರವಿಕೊಂಡು ಕೂರುತ್ತಾಳೆ, ಇವಳು ಬಾಗಿಲಿಗೆ ಬೆನ್ನು ಕೊಟ್ಟು ಒಳಗೆ ಕೂರುತ್ತಾಳೆ. ಕೂದಲು ಉದುರುತ್ತಿದೆ ಎಂದು ಹೇಳಿದ್ದಕ್ಕೆ ಎಣ್ಣೆ ಹಚ್ಚಿ ಸಿಕ್ಕು ಬಿಡಿಸಿದಳಂತೆ. ಪಾತ್ರೆ ಮಾರುವವಳಿಗೆ ಇಷ್ಟು ಪುರುಸೊತ್ತು ಎಲ್ಲಿಂದ ಬಂತು.

10 ಏಪ್ರಿಲ್

ಮಾವಶಿಯನ್ನು ಕೇಳಿದೆ. ಅವರ ಬಾಗಿಲು ನಮ್ಮ ಬಾಗಿಲಿಗೆ ಎದುರೇ, ಮಧ್ಯಾಹ್ನವೆಲ್ಲ ಗಾಳಿಗೆ ತೆರೆದೇ ಇರುತ್ತದೆ. ಯಾವ ಭಾಂಡೀವಾಲಿಯೂ ಬಂದಿಲ್ಲ ಎಂದರು. ಇನ್ನೊಂದು ಮಾತು ಹೇಳಲೋ ಬೇಡವೋ ಎಂದು ಸೆರಗು ಮಡಿಚುತ್ತಾ ನಿಂತರು. ನಿಮ್ಮ ತಂಗಿ ಬಾಗಿಲ ಹತ್ತಿರ ಒಬ್ಬಳೇ ಕೂತು ಮಾತಾಡುತ್ತಿರುತ್ತಾಳೆ, ತಲೆ ಹಿಂದಕ್ಕೆ ಬಾಗಿಸಿ, ಕಣ್ಣು ಮುಚ್ಚಿಕೊಂಡು. ಡಾಕ್ಟರಿಗೆ ತೋರಿಸಿ.

ವಾಚ್‌ಮನ್ ಕೂಡ ಯಾರನ್ನೂ ಒಳಗೆ ಬಿಟ್ಟಿಲ್ಲ.

ಹಾಗಾದರೆ ಆ ಸೌಟು, ಡಬ್ಬ? ಡಬ್ಬವನ್ನು ತಿರುಗಿಸಿ ನೋಡಿದೆ. ಅಂಗಡಿಯ ಹೆಸರಿಲ್ಲ, ತೂಕದ ಚೀಟಿ ಅಂಟಿಸಿದ ಗುರುತೂ ಇಲ್ಲ. ಅದರಲ್ಲಿ ನನ್ನ ಮುಖ ಮಾತ್ರ ಉದ್ದಕ್ಕೆ ಕಾಣುತ್ತದೆ.

22 ಏಪ್ರಿಲ್

ಬರೆಯಲು ಮನಸ್ಸಾಗಿರಲಿಲ್ಲ. ವಿನೋದಿನಿ ಇಳಿದುಹೋಗಿದ್ದಾಳೆ. ಬಳೆ ಮೊಣಕೈಯವರೆಗೆ ಜಾರುತ್ತದೆ. ತಟ್ಟೆಯ ಮುಂದೆ ಕೂತು, ನನಗೆ ಆಗಲೇ ಊಟ ಆಯಿತು ಎನ್ನುತ್ತಾಳೆ. ಅನ್ನದ ಪಾತ್ರೆ ಬೆಳಿಗ್ಗೆ ಮುಚ್ಚಿಟ್ಟ ಹಾಗೇ ಇದೆ. ಮೈ ಸದಾ ಬೆಚ್ಚಗೆ. ಡಾಕ್ಟರು ಟಾನಿಕ್ ಬರೆದಿದ್ದಾರೆ. ಕಿಟ್ಟು ಟೂರಿನ ಮೇಲೆ ನಾಗಪುರದಲ್ಲಿದ್ದಾನೆ.

ಹಾಸಿಗೆ ಕೊಡವುವಾಗ ನೋಡಿದೆ — ತಲೆದಿಂಬಿನ ಕೆಳಗಿನ ಅಡಕತ್ತರಿ ಇಲ್ಲ.

"ಕೊಟ್ಟುಬಿಟ್ಟೆ. ಅದು ನನ್ನ ಹತ್ರ ಇದ್ರೆ ಅವಳಿಗೆ ಕೈ ಉರಿಯತ್ತಂತೆ ಅಕ್ಕ. ಜಾಸ್ತಿ ಹೊತ್ತು ತಲೆ ಬಾಚಕ್ಕಾಗಲ್ಲ."

ಓಡಿಹೋಗಿ ತೊಟ್ಟಿಲು ತಡವಿದೆ. ಪಂಚೆ ಸುತ್ತಿದ ಕುಡುಗೋಲು ಇಟ್ಟಲ್ಲೇ ಇದೆ. ಕಟ್ಟಿದ ದಾರವನ್ನೂ ಯಾರೂ ಮುಟ್ಟಿಲ್ಲ. ಸದ್ಯ, ಮಗುವಿಗೆ ಏನೂ ಭಯವಿಲ್ಲ.

ಹೀಗೆ ಬರೆದೆನಲ್ಲ ಎಂದು ಈಗ ಓದಿ ನೋಡುತ್ತಿದ್ದೇನೆ. ಯಾವಾಗಿನಿಂದ ನಂಬತೊಡಗಿದೆ ನಾನು?

24 ಏಪ್ರಿಲ್, ಸಂಜೆ



ಆಫೀಸಿನಿಂದ ಬಂದಾಗ ವಿನೋದಿನಿ ತೊಟ್ಟಿಲ ಪಕ್ಕದಲ್ಲಿ ನಿದ್ದೆ ಹೋಗಿದ್ದಳು. ಜಡೆ ಬೆನ್ನ ಮೇಲೆ. ಐದು ಕಾಲಿನ ಜಡೆ. ಚಾಪೆಯ ನೇಯ್ಗೆಯಂಥದ್ದು. ಅವಳಿಗೆ ಅದು ಬರುವುದಿಲ್ಲ. ನನಗೂ ಬರುವುದಿಲ್ಲ, ಎಷ್ಟು ಸಲ ಪ್ರಯತ್ನಪಟ್ಟರೂ ಕೈ ಹೊರಳಲಿಲ್ಲ. ಅತ್ತೆಗೂ ಬಾರದು. ಸ್ಕೂಲಿಗೆ ಹೋಗುವಾಗ ನನಗೆ ಹಾಗೆ ಹೆಣೆಯುತ್ತಿದ್ದವಳು ಒಬ್ಬಳೇ. ಕಣ್ಣಿನ ತುದಿ ಮೇಲಕ್ಕೆ ಎಳೆಯುವಷ್ಟು ಬಿಗಿ. ನೋವು ಎಂದರೆ ತಲೆಯ ಮೇಲೆ ಮೆಲ್ಲಗೆ ಒಂದು ಮೊಟಕು.

ವಿನೋದಿನಿಯನ್ನು ಎಬ್ಬಿಸಿ, ಆ ಹೆಂಗಸು ನೋಡಲು ಹೇಗಿದ್ದಾಳೆ ಎಂದು ಕೇಳಿದೆ. ನಿನ್ನ ಹಾಗೇ ಇದ್ದಾಳೆ, ಆದರೆ ನಿನಗಿಂತ ಚಿಕ್ಕವಳು ಎಂದಳು.

ಅಮ್ಮ ಹೋದಾಗ ಅವಳ ವಯಸ್ಸು ವಿನೋದಿನಿಯ ಈಗಿನ ವಯಸ್ಸು. ವಿನೋದಿನಿ ಅಮ್ಮನ ಮುಖ ನೋಡಿಲ್ಲ. ಫೋಟೋ ಕೂಡ ಇಲ್ಲ.

27 ಏಪ್ರಿಲ್, ಮಧ್ಯಾಹ್ನ

ರಜೆ ಹಾಕಿ ಮನೆಯಲ್ಲಿ ಕೂತೆ. ತಾಯಿ, ಮಗು ಇಬ್ಬರೂ ಒಳಗೆ ಮಲಗಿದ್ದರು. ಉರಿಬಿಸಿಲು. ಬಿಲ್ಡಿಂಗಿನ ರೇಡಿಯೋಗಳೆಲ್ಲ ಬಾಯಿ ಮುಚ್ಚಿದ ಹೊತ್ತು. ಕೆಳಗೆ ಮೆಟ್ಟಿಲಲ್ಲಿ ಪಾತ್ರೆ ಪಾತ್ರೆಗೆ ತಾಗುವ ಸದ್ದು. ಹತ್ತುತ್ತಾ ಹತ್ತುತ್ತಾ ನಮ್ಮ ಕೆಳಗಿನ ತಿರುವಿನಲ್ಲಿ ನಿಂತಿತು.

ನಾನು ಏಳಲಿಲ್ಲ.

"ಪಂಕೀ... ನೀನೂ ಮನೇಲಿದ್ದೀಯಾ ಇವತ್ತು?"

ಪ್ರೀತಿಯಿಂದಲೇ ಕೇಳಿದ್ದು. ಆದರೆ ಅದರಲ್ಲಿ ಒಂದು ಬೇಸರ. ನಾನು ಇದ್ದದ್ದು ಅಡ್ಡಿಯಾಯಿತು ಎನ್ನುವಂಥ ಬೇಸರ. ಪಾತ್ರೆಯ ಸದ್ದು ಇಳಿದುಹೋಯಿತು. ಪಂಕಿ ಎಂದು ನನ್ನನ್ನು ಕರೆಯುತ್ತಿದ್ದವಳು ಒಬ್ಬಳೇ. ಕರೆಸಿಕೊಂಡು ಇಪ್ಪತ್ತೇಳು ವರ್ಷದ ಮೇಲಾಯಿತು.

ಅತ್ತೆಗೆ ಟೆಲಿಗ್ರಾಂ ಕೊಟ್ಟು ಬಂದೆ. ಕೂಡಲೇ ಹೊರಡಿ.

30 ಏಪ್ರಿಲ್

ವಿನೋದಿನಿಗೆ ಬೆಂಕಿಯಂಥ ಜ್ವರ. ಆಸ್ಪತ್ರೆಗೆ ಸೇರಿಸಿದೆ. ಕಿಟ್ಟು ನಾಗಪುರದಿಂದ ನೇರ ಅಲ್ಲಿಗೇ ಬಂದ, ಬ್ಯಾಗು ಕೈಯಲ್ಲೇ. ಮಗುವನ್ನು ಹಾಲಿಗಾಗಿ ಅವಳ ಜೊತೆಗೇ ಬಿಟ್ಟರು.

4 ಮೇ

ಜ್ವರ ಇಳಿಯಿತು. ಅವಳಾಗಿ ಕೇಳಿ ಎರಡು ಇಡ್ಲಿ ತಿಂದಳು. ಮಾಟುಂಗಾದಿಂದ ಕಿಟ್ಟು ತಂದಿದ್ದ. ಡಾಕ್ಟರು ನಾಡಿದ್ದು ಕಳಿಸುತ್ತೇನೆ ಎಂದಿದ್ದಾರೆ. ಇಂಜೆಕ್ಷನ್ ಕೆಲಸ ಮಾಡಿತು ಎನ್ನುತ್ತಾನೆ ಕಿಟ್ಟು. ಇರಬಹುದು. ನಾನು ಅವಳ ಮಂಚವನ್ನೇ ನೋಡುತ್ತಿದ್ದೆ. ಬಿಳಿ ಬಣ್ಣ ಎದ್ದುಹೋಗಿ ಕಾಲುಗಳೆಲ್ಲ ತುಕ್ಕು. ಪೂರ್ತಿ ಕಬ್ಬಿಣ.

ಕಿಟ್ಟು ಚಹಾಕ್ಕೆ ಹೋದಾಗ ಅವಳು ಕಿಟಕಿಯ ಕಡೆ ನೋಡುತ್ತಾ, ಇಲ್ಲಿಗೆ ಅವಳು ಬರುವುದಿಲ್ಲ ಅಕ್ಕ ಎಂದಳು. ಒಳ್ಳೆಯದೇ ಆಯಿತು, ಮಗುವನ್ನು ಕೇಳಲು ಬರುತ್ತಿದ್ದಳು ಅವಳು ಎಂದೆ. ವಿನೋದಿನಿ ನನ್ನನ್ನು ವಿಚಿತ್ರವಾಗಿ ನೋಡಿದಳು.

"ಇಲ್ಲ. ಮಗು ಕಡೆ ಅವಳು ಒಂದ್ಸಲಾನೂ ತಿರುಗಿ ನೋಡಿಲ್ಲ. ನನ್ನ ತಲೆ ಸವರ್ತಾ, ನಿನ್ನ ಎತ್ತಿಕೊಳ್ಳೋಕೂ ಬಿಡಲಿಲ್ಲ ನನ್ನ, ಅಂತ ಅಳೋಳು."

ನಾವೆಲ್ಲ ತೊಟ್ಟಿಲು ಕಾಯುತ್ತಾ ಕೂತಿದ್ದೆವು. ಅಮ್ಮ ಬಂದಿದ್ದು ತನ್ನ ಮಗುವಿಗೆ.

8 ಮೇ, ಬೆಳಿಗ್ಗೆ

ವಿನೋದಿನಿ ಮನೆಗೆ ಬಂದಿದ್ದಾಳೆ. ಅವಳ ಪಕ್ಕ ಬಿಟ್ಟು ಏಳಕೂಡದು ಎಂದು ಕಿಟ್ಟುವಿನಿಂದ ಮಾತು ತೆಗೆದುಕೊಂಡಿದ್ದೇನೆ. ಕುಡುಗೋಲು ಮಗುವಿನ ಹತ್ತಿರವೇ ಇರಬೇಕು, ಅದನ್ನು ತೆಗೆಯುವ ಹಾಗಿಲ್ಲ. ಅವಳಿಗೆ ಬೇರೆ ಬೇಕು. ಬರೀ ತಲೆದಿಂಬಿನ ಕೆಳಗೆ ಇಟ್ಟರೆ ಕೊಟ್ಟುಬಿಡುತ್ತಾಳೆ. ಬಾಗಿಲಿಗೇ ಕೂರಿಸಬೇಕು, ಕೀಳಲಾಗದ ಹಾಗೆ. ಕುರ್ಲಾಕ್ಕೆ ಹೊರಟಿದ್ದೇನೆ. ನಮ್ಮ ಬಿಲ್ಡಿಂಗಿಗೆ ಗ್ರಿಲ್ ಮಾಡಿಕೊಟ್ಟ ದಾವಲಸಾಬನ ವರ್ಕ್‌ಶಾಪ್ ಅಲ್ಲಿದೆ. ಬಾಗಲಕೋಟೆ ಕಡೆಯವನು, ಕನ್ನಡದಲ್ಲಿ ಹೇಳಿದರೆ ಅರ್ಥ ಮಾಡಿಕೊಂಡಾನು.

ಊಟದ ಹೊತ್ತಿಗೆ ವಾಪಸ್ಸು.

21 ಮೇ

ಬರೆದುಬಿಡುತ್ತೇನೆ. ಬರೆಯದಿದ್ದರೆ ಅದೇ ಮಧ್ಯಾಹ್ನ ಮತ್ತೆ ಮತ್ತೆ ಸುತ್ತುತ್ತಿರುತ್ತದೆ.

ದಾವಲಸಾಬ ಬಾಗಿಲಿನ ಅಗಲ ಕೇಳಿಕೊಂಡು ಹೊಸಿಲಿನ ಜಾಗಕ್ಕೆ ಕಬ್ಬಿಣದ ಪಟ್ಟಿ ಕತ್ತರಿಸಿದ. ಸ್ಕ್ರೂ ಹಾಕಲು ತೂತು ಕೊರೆಯುವ ಮೊದಲು ತಲೆಯೆತ್ತಿ ಕೇಳಿದ.

"ಅಕ್ಕಾರ, ಒಳಗ ಬರಬಾರ್ದು ಅಂತ ಹಾಕ್ತೀರೋ, ಹೊರಗ ಹೋಗಬಾರ್ದು ಅಂತ ಹಾಕ್ತೀರೋ?"

ಎರಡೂ ಎಂದೆ. ಪಟ್ಟಿಯನ್ನು ಪೇಪರಿನಲ್ಲಿ ಸುತ್ತಿ ಕೊಟ್ಟ. ಇನ್ನೂ ಬಿಸಿಯಾಗಿತ್ತು.

ವಾಪಸ್ಸು ಬಂದಾಗ ಬಿಲ್ಡಿಂಗಿನ ಮೆಟ್ಟಿಲಲ್ಲಿ ಜನ. ಕಿಟ್ಟು ಅವಳ ಮಾತ್ರೆ ಮುಗಿದಿದೆಯೆಂದು ಕೆಳಗಿನ ಮೆಡಿಕಲ್ ಸ್ಟೋರಿಗೆ ಇಳಿದಿದ್ದ. ಅವಳೇ ಕಳಿಸಿದ್ದು. ಹೋಗಿ ಬರುವಷ್ಟರಲ್ಲಿ ಬಾಗಿಲು ತೆರೆದಿತ್ತು. ವಿನೋದಿನಿ ಪ್ಯಾಸೇಜಿನಲ್ಲಿ ಕೂತಿದ್ದಳು, ಬಾಗಿಲಿನಿಂದ ಆಚೆಗೆ. ಯಾರದೋ ಮಡಿಲಲ್ಲಿ ತಲೆಯಿಟ್ಟ ಹಾಗೆ ಪಕ್ಕಕ್ಕೆ ವಾಲಿಕೊಂಡು. ಅಲ್ಲಿ ಮಡಿಲೂ ಇರಲಿಲ್ಲ, ಗೋಡೆಯೂ ಇರಲಿಲ್ಲ. ಕಿಟ್ಟು ಮುಟ್ಟಿದ ಮೇಲೆಯೇ ನೆಲಕ್ಕೆ ಉರುಳಿದಳಂತೆ. ಡಾಕ್ಟರು ಹಾರ್ಟ್ ನಿಂತುಹೋಗಿದೆ ಎಂದರು.

ಜಡೆ ಆಗ ತಾನೇ ಹೆಣೆದದ್ದು. ಮುಖದಲ್ಲಿ ನೋವಿರಲಿಲ್ಲ. ಅಷ್ಟು ನಿಶ್ಚಿಂತೆಯಾಗಿ ಅವಳು ಮಲಗಿದ್ದನ್ನು ನಾನು ಕಂಡಿರಲಿಲ್ಲ. ಸಾಕಿದವಳು ನಾನು.

ಒಳಗೆ ತೊಟ್ಟಿಲಲ್ಲಿ ಮಗು ಅಳುತ್ತಿತ್ತು.

22 ಮೇ

ಅತ್ತೆ ಬಂದದ್ದು ಎಲ್ಲ ಮುಗಿದ ಮೇಲೆ. ಟೆಲಿಗ್ರಾಂ ತಲುಪಿದ್ದೇ ಬಹಳ ತಡವಾಗಿಯಂತೆ. ಅತ್ತು ಕರೆದು ಸುಮ್ಮನಾದ ಮೇಲೆ ಮೂಲೆಯಲ್ಲಿದ್ದ ಕಬ್ಬಿಣದ ಪಟ್ಟಿ ಕಣ್ಣಿಗೆ ಬಿತ್ತು. ಇದನ್ನು ಯಾಕೆ ಇನ್ನೂ ಹಾಕಿಲ್ಲ ಎಂದರು.

ಯಾರಿಗೋಸ್ಕರ ಮಾಡಿಸಿದ್ದೋ ಅವಳೇ ಇಲ್ಲ ಎಂದೆ.

"ಅದಕ್ಕೇ ಹಾಕಬೇಕು ಕಣೇ. ಹಸಿ ಬಾಣಂತಿಯಾಗಿ ಹೋದವಳು. ಎಳೇ ಮಗು ಬಿಟ್ಟು ಹೋದವಳು ಬರದೆ ಇರ್ತಾಳಾ?"

ವಿನೋದಿನಿ ಬರುತ್ತಾಳೆಂದು ಕಬ್ಬಿಣವೇ? ನಮ್ಮ ವಿನೋದಿನಿಗೆ? ಅತ್ತೆ ಸೆರಗಿನಿಂದ ಮುಖ ಒತ್ತಿಕೊಂಡರು. ಅಮ್ಮ ಹೋದಾಗಲೂ ಹೀಗೇ ಮಾಡಿದ್ದಂತೆ. ಅಜ್ಜಿ ಸ್ಮಶಾನದ ದಾರಿಯುದ್ದ ಸಾಸಿವೆ ಚೆಲ್ಲಿಸಿ, ಊರ ಮನೆಯ ಹೊಸಿಲಿಗೆ ಸಾಲಾಗಿ ಮೊಳೆ ಹೊಡೆಸಿದಳಂತೆ. ಆಮೇಲೆ ಬಹಳ ದಿನ ಮಧ್ಯಾಹ್ನದ ಹೊತ್ತು ಬಾಗಿಲಾಚೆ ಅಳು ಕೇಳುತ್ತಿತ್ತಂತೆ. ಅಜ್ಜಿ ವಿನೋದಿನಿಯನ್ನು ಎದೆಗೆ ಅವುಚಿಕೊಂಡು ಹಿತ್ತಿಲ ಕೋಣೆಯಲ್ಲಿ ಕೂರುತ್ತಿದ್ದಳಂತೆ.

ಅಂದು ಮೊಳೆ ಹೊಡೆದದ್ದಕ್ಕೆ ವಿನೋದಿನಿ ಬದುಕಿದಳು ಎನ್ನುತ್ತಾರೆ ಅತ್ತೆ. ಬಾಗಿಲು ತೆರೆದಿದ್ದರೆ ಅಮ್ಮ ಒಮ್ಮೆ ಎತ್ತಿಕೊಂಡು, ಮುದ್ದಿಸಿ, ಸಮಾಧಾನವಾಗಿ ಹೋಗಿಬಿಡುತ್ತಿದ್ದಳೇನೋ. ಇಷ್ಟು ವರ್ಷ ಕಾಯುತ್ತಿರಲಿಲ್ಲವೇನೋ. ಯಾರಿಗೆ ಗೊತ್ತು.

ಕಿಟ್ಟು ಎಲ್ಲ ಕೇಳಿಸಿಕೊಳ್ಳುತ್ತಾ ಕೂತಿದ್ದ. ಇಪ್ಪತ್ತನೇ ಶತಮಾನ ಎನ್ನುತ್ತಾನೆಂದು ಕಾದೆ. ಎದ್ದುಹೋಗಿ ಡ್ರಿಲ್ ಮೆಷೀನ್ ಕೇಳಿ ತಂದ. ಅವನೇ ಮಂಡಿಯೂರಿ ಪಟ್ಟಿ ಕೂರಿಸಿದ. ಒಂದೊಂದು ಸ್ಕ್ರೂ ತಿರುಗಿಸುವಾಗಲೂ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದ.

2 ಜೂನ್, ಮಧ್ಯಾಹ್ನ

ಸೆಕೆ. ಮಳೆ ಇನ್ನೂ ಬಂದಿಲ್ಲ. ಕಿಟ್ಟು ಕೆಲಸಕ್ಕೆ ಹೋಗಿದ್ದಾನೆ. ಅತ್ತೆ ಮಾವಶಿಯ ಜೊತೆ ರೇಷನ್ ಅಂಗಡಿಯ ಸಾಲಿನಲ್ಲಿದ್ದಾರೆ.

ಮಗು ಬಾಟಲಿ ಹಿಡಿಯುತ್ತಿಲ್ಲ. ಡಬ್ಬದ ಹಾಲು ಮೂರು ಥರದ್ದು ನೋಡಿದ್ದಾಯಿತು. ಚಮಚದಲ್ಲಿ ಹಾಕಿದರೆ ಅರ್ಧ ಹೊರಗೆ. ಕೆನ್ನೆ ಒಳಕ್ಕೆ ಹೋಗಿದೆ. ಬೆಳಿಗ್ಗೆಯಿಂದ ಅತ್ತು ಅತ್ತು ದನಿ ಕಟ್ಟಿದೆ. ಡಾಕ್ಟರು, ಎರಡು ದಿನ ನೋಡಿ, ಇಲ್ಲವೆಂದರೆ ಅಡ್ಮಿಟ್ ಮಾಡಿ ಎಂದಿದ್ದಾರೆ.

ಕೈ ಸುಮ್ಮನೆ ಇರದಿರಲಿ ಎಂದು ಬರೆಯುತ್ತಿದ್ದೇನೆ. ಬಿಟ್ಟರೆ ಅದು ಬಾಗಿಲ ಕಡೆ ಹೋಗುತ್ತದೆ.

ಬಂದು ಸ್ವಲ್ಪ ಹೊತ್ತಾಯಿತು. ಪಾತ್ರೆಯ ಸದ್ದಿಲ್ಲ. ಚಪ್ಪಲಿ ಎಳೆದು ನಡೆಯುವ ಸದ್ದು. ಮೊದಲಿನಿಂದಲೂ ಹಾಗೇ ನಡೆಯುತ್ತಿದ್ದಳು, ಎಷ್ಟು ಬೈದರೂ.

"ಅಕ್ಕ."

ಉತ್ತರ ಕೊಡಬಾರದು ಎಂದು ಅತ್ತೆ ಹೇಳಿದ್ದಾರೆ. ಕೊಡಲಿಲ್ಲ.

"ಅಕ್ಕ, ಎದೆ ಕಲ್ಲಾಗಿದೆ. ನೋವು ತಡಿಯಕ್ಕಾಗ್ತಿಲ್ಲ. ಮಗೂಗೆ ಕುಡಿಸಿ ಹೋಗ್ಬಿಡ್ತೀನಿ."

ಬಾಗಿಲಿನ ಕೆಳಗೆ, ಪಟ್ಟಿಯ ಆಚೆಗೆ ನೆಲ ಒದ್ದೆಯಾಗಿದೆ. ಹನಿ ಹನಿಯಾಗಿ ಬೀಳುತ್ತಿದೆ. ಬೆಳ್ಳಗಿದೆ.

ಒಂದು ಸಲ ಒಳಗೆ ಬಿಟ್ಟರೆ ಕುಡಿಸಿ ಹೋಗುತ್ತಾಳೋ, ಕರೆದುಕೊಂಡು ಹೋಗುತ್ತಾಳೋ. ಬಿಡದಿದ್ದರೆ ಈ ಮಗು ದೊಡ್ಡದಾಗುವವರೆಗೆ ಎಲ್ಲಿ ಕೂತು ಕಾಯುತ್ತಾಳೋ. ಅತ್ತೆಯ ಲೆಕ್ಕ ಒಂದು, ನನ್ನ ಲೆಕ್ಕ ಒಂದು. ಯಾವುದು ಸರಿ ಎಂದು ಹೇಳುವವರು ಯಾರೂ ಇಲ್ಲ.

ಮಗು ಅಳು ನಿಲ್ಲಿಸಿತು. ಕತ್ತು ಹೊರಳಿಸಿ ಬಾಗಿಲ ಕಡೆ ನೋಡುತ್ತಿದೆ. ತುಟಿ ಚೀಪುತ್ತಿದೆ, ಬರೀ ಗಾಳಿಯನ್ನು. ಗುಟುಕು ಇಳಿಯುವ ಹಾಗೆ ಗಂಟಲು ಆಡುತ್ತಿದೆ. ಗುಟುಕು ಮಾತ್ರ ಇಲ್ಲ.

ಕುಡುಗೋಲು ತೊಟ್ಟಿಲಲ್ಲಿದ್ದೇ ಇದೆ. ನಾನೂ ಪಕ್ಕದಲ್ಲೇ ಇರುತ್ತೇನೆ. ಕಣ್ಣು ಕೀಳುವುದಿಲ್ಲ. ಹೊಟ್ಟೆ ತುಂಬಿದ ಕೂಡಲೇ ಕಳಿಸಿಬಿಡುತ್ತೇನೆ, ನನ್ನ ಮಾತು ಅವಳು ಯಾವತ್ತೂ ಮೀರಿಲ್ಲ. ಕಿಟ್ಟು ಸ್ಕ್ರೂಡ್ರೈವರನ್ನು ಮೀಟರ್ ಬಾಕ್ಸಿನ ಮೇಲೆ ಇಟ್ಟ ನೆನಪು. ನಾಲ್ಕೇ ಸ್ಕ್ರೂ. ತೆಗೆದು ಮತ್ತೆ